ಹುಣ್ಣಿಮೆ ಚಂದ್ರ ಹುಟ್ಟುವುದನ್ನು ಗೆಳತಿಯರ ಜೊತೆ ಕೂತು ನೋಡಬೇಕು. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ?

ಶಿರಾ ಸಿಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಶಿರಾ ಕಡೆಯವಳು, ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನರ್ಸಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಒಂದೇ ರೂಮಿನಲ್ಲಿದ್ದ ನಾಲ್ಕು ಜನ ನಾವು. ಈಗ ಒಬ್ಬಳು ಹಾಸನದಲ್ಲಿ, ಒಬ್ಬಳು ಹೊಸಪೇಟೆಯಲ್ಲಿ. ದಾವಣಗೆರೆಯವಳು ಮಸ್ಕತ್‌ನಲ್ಲಿ ಕೆಲಸಕ್ಕಿದ್ದಾಳೆ. ಮದುವೆ, ನಾಮಕರಣ ಅಂತ ಸಿಗುತ್ತೇವೆ. ಆದರೆ ಅಲ್ಲಿ ನೆಮ್ಮದಿಯಾಗಿ ಕೂತು ಮಾತಾಡಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಈ ಸಲ ಬೇರೆ ಯಾವ ಕಾರ್ಯಕ್ರಮವೂ ಬೇಡ, ಒಂದು ಹುಣ್ಣಿಮೆ ಸಂಜೆ ಚಂದ್ರ ನೆಲದಿಂದ ಮೇಲೆ ಬರುವುದನ್ನು ಕೂತು ನೋಡೋಣ ಅಂತ ತೀರ್ಮಾನ ಮಾಡಿದ್ದೇವೆ.

ಮೇಲೆ ಬಂದ ಚಂದ್ರನನ್ನು ಎಲ್ಲರೂ ನೋಡಿರುತ್ತಾರೆ. ನಮಗೆ ಬೇಕಿರುವುದು ಹುಟ್ಟುವ ಹೊತ್ತು. ನೈಟ್ ಡ್ಯೂಟಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಅರ್ಧಂಬರ್ಧ ಕಂಡದ್ದಿದೆ. ಒಂದು ಪೆಟ್ರೋಲ್ ಬಂಕ್ ಹಿಂದೆ, ಕೆಂಪಗೆ, ದೊಡ್ಡದಾಗಿ. ಅಷ್ಟರಲ್ಲಿ ಬಸ್ಸು ತಿರುಗಿಬಿಟ್ಟಿತು. ಆವತ್ತಿನಿಂದ ಆಸೆ ಹಿಡಿದಿದೆ.

ನನ್ನ ಪ್ರಶ್ನೆ ಹೀಗಿದೆ. ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆ ಅಂತ ಬರೆದ ದಿನವೇ ಹೋದರೆ ಸಾಕಾ? ಒಂದು ಹುಣ್ಣಿಮೆಗೆ ಇನ್ನೂ ಬಿಸಿಲಿರುವಾಗಲೇ ಚಂದ್ರ ಮೇಲೆ ಬಂದಿದ್ದ, ಬಿಳಿಚಿಕೊಂಡಿದ್ದ. ಇನ್ನೊಂದು ಹುಣ್ಣಿಮೆಗೆ ಕತ್ತಲಾಗುತ್ತಾ ಬಂದರೂ ಕಾಣಲಿಲ್ಲ. ಎರಡೂ ಹುಣ್ಣಿಮೆಯೇ. ಯಾಕೆ ಹೀಗೆ? ನಮ್ಮ ಡ್ಯೂಟಿ ರೋಸ್ಟರ್ ಮೊದಲೇ ಹಾಕುತ್ತಾರೆ, ರಜೆಗೆ ತಿಂಗಳು ಮುಂಚೆ ಹೇಳಬೇಕು. ಸುಮ್ನೆ ಅಂದಾಜಿನ ಮೇಲೆ ಮೂರು ಊರಿನವರನ್ನು ಕರೆಸಲು ಆಗುವುದಿಲ್ಲ.

ಜಾಗ ಹಿರಿಯೂರು, ಚಿತ್ರದುರ್ಗದ ಆಸುಪಾಸು ಇದ್ದರೆ ಎಲ್ಲರಿಗೂ ಸಮ. ಹಾಸನದವಳಿಗೆ ಮಂಡಿ ಆಪರೇಷನ್ ಆಗಿದೆ, ಬೆಟ್ಟ ಹತ್ತುವ ಜಾಗ ಬೇಡ. ಬರುವವರೆಲ್ಲ ಹೆಂಗಸರು. ಕತ್ತಲಾದ ಮೇಲೆ ವಾಪಸ್ ಬರಲು ತೊಂದರೆ ಆಗದ ಕಡೆ ಇರಬೇಕು. ಮಸ್ಕತ್‌ನವಳಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸುತ್ತೇವೆ. ತಿಳಿದವರು ದಯವಿಟ್ಟು ಹೇಳಿ.

ಹಿರಿಯೂರು ರಿವೈಂಡಿಂಗ್

ಅಕ್ಕ, ನಮಸ್ಕಾರ. ನಾನು ಹಿರಿಯೂರಿನವನೇ, ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಮೋಡ ಇಲ್ಲದ ಹುಣ್ಣಿಮೆಗಳಲ್ಲಿ ಸಂಜೆ ಐದಕ್ಕೆ ಷಟರ್ ಎಳೆದು ನಾವು ಮೂರ್ನಾಲ್ಕು ಜನ ಊರಾಚೆ ಹೋಗಿ ಚಂದ್ರ ಹುಟ್ಟುವುದನ್ನು ನೋಡುತ್ತೇವೆ. ಬಹಳ ವರ್ಷದಿಂದ ಇದು ನಡೆದುಕೊಂಡು ಬಂದಿದೆ. ಹಾಗಾಗಿ ನಿಮ್ಮ ಪೋಸ್ಟ್ ನೋಡಿ ಖುಷಿಯಾಯಿತು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಕ್ಯಾಲೆಂಡರ್‌ನಲ್ಲೇ ಇದೆ. ಹುಣ್ಣಿಮೆ ತಿಥಿ ಎಷ್ಟು ಗಂಟೆಗೆ ಮುಗಿಯುತ್ತದೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ನೋಡಿ. ತಿಥಿ ಮುಗಿಯುವ ಆ ಗಳಿಗೆಯಲ್ಲಿ ಚಂದ್ರ ಸರಿಯಾಗಿ ಸೂರ್ಯನ ಎದುರಿಗಿರುತ್ತಾನೆ. ಬೆಳಗ್ಗೆಯೇ ಮುಗಿದುಹೋಗಿದ್ದರೆ, ಸಂಜೆ ಹೊತ್ತಿಗೆ ಅವನು ಆ ಜಾಗ ದಾಟಿರುತ್ತಾನೆ. ಆಗ ಸೂರ್ಯ ಮುಳುಗಿ ಸ್ವಲ್ಪ ಹೊತ್ತಾದ ಮೇಲೆ ಹುಟ್ಟುತ್ತಾನೆ. ನಡುರಾತ್ರಿ ಕಳೆದು ಮುಗಿಯುವುದಾದರೆ, ಸಂಜೆ ಹೊತ್ತಿಗೆ ಇನ್ನೂ ಎದುರಿಗೆ ಬಂದಿರುವುದಿಲ್ಲ. ಬಿಸಿಲಿರುವಾಗಲೇ ಮೇಲೆ ಬಂದುಬಿಡುತ್ತಾನೆ. ನೀವು ನೋಡಿದ ಎರಡು ಹುಣ್ಣಿಮೆಗಳ ವ್ಯತ್ಯಾಸ ಇದೇ.

ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾ ಹೋಗುತ್ತಾನೆ. ಗಂಟೆಗೆ ಲೆಕ್ಕ ಹಾಕಿದರೆ ಎರಡು ನಿಮಿಷ. ಸಂಕಷ್ಟಿ ಉಪವಾಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಹುಣ್ಣಿಮೆಗೆ ಆರು, ಆರೂವರೆಗೆಲ್ಲ ಬರುವವನು ಚೌತಿಗೆ ಒಂಬತ್ತರ ತನಕ ಕಾಯಿಸುತ್ತಾನೆ. ಆದರೆ ಈ ಲೆಕ್ಕ ಅಂದಾಜಿಗೆ ಮಾತ್ರ. ಚಂದ್ರನ ದಾರಿ ಸೂರ್ಯನ ದಾರಿಗೆ ಐದು ಡಿಗ್ರಿ ಓರೆಯಾಗಿದೆ. ಅದರಿಂದ ಹತ್ತು ಹದಿನೈದು ನಿಮಿಷ ಹಿಂದೆ ಮುಂದೆ ಆಗುತ್ತದೆ. ಕೊನೆಗೆ ನಿಮ್ಮ ಜಾಗದ ಹೆಸರು ಹಾಕಿ, ಆಕಾಶ ತೋರಿಸುವ ಸ್ಟೆಲ್ಲೇರಿಯಂ ಆ್ಯಪ್‌ನಲ್ಲಿ ಒಂದು ಸಲ ನೋಡಿಕೊಳ್ಳಿ.

ಈಗ ದಿನದ ವಿಚಾರ. 2026ರಲ್ಲಿ ಮುಂಗಾರು ಮುಗಿದ ಮೇಲೆ ಮೂರು ಹುಣ್ಣಿಮೆ ಸಿಗುತ್ತವೆ. ಸೀಗಿ ಹುಣ್ಣಿಮೆ ಅಕ್ಟೋಬರ್ 26, ಸೋಮವಾರ. ತಿಥಿ ಬೆಳಗ್ಗೆ ಹತ್ತರ ಒಳಗೆ ಮುಗಿಯುತ್ತದೆ. ಆದರೂ ಈ ಸಲ ಚಂದ್ರನ ದಾರಿ ಉತ್ತರಕ್ಕೆ ವಾಲಿರುವುದರಿಂದ ನಮ್ಮ ಕಡೆ ಸೂರ್ಯ ಮುಳುಗುವುದೂ ಚಂದ್ರ ಹುಟ್ಟುವುದೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ, ಆರರ ಆಸುಪಾಸು. ಹಿಂದಿನ ದಿನ ಭಾನುವಾರ ರಜೆ ಅಂತ 25ಕ್ಕೆ ಹೋಗಬೇಡಿ. ಆವತ್ತು ಐದೂಕಾಲಿಗೆಲ್ಲ ಬಿಸಿಲಿನಲ್ಲೇ ಬಂದಿರುತ್ತಾನೆ. ಅಕ್ಟೋಬರ್‌ನಲ್ಲಿ ನಮ್ಮ ಜಿಲ್ಲೆಗೆ ಹಿಂಗಾರು ಮಳೆಯ ಭಯ ಇದ್ದೇ ಇದೆ, ಅದೊಂದು ಕಷ್ಟ. ಗೌರಿ ಹುಣ್ಣಿಮೆ ನವೆಂಬರ್ 24, ಮಂಗಳವಾರ. ಆವತ್ತು ಸೂರ್ಯ ಮುಳುಗುವುದಕ್ಕಿಂತ ಇಪ್ಪತ್ತು ನಿಮಿಷ ಮೊದಲೇ ಹುಟ್ಟುತ್ತಾನೆ. ಹುಟ್ಟುವುದನ್ನೇ ನೋಡಬೇಕು ಅನ್ನುವವರಿಗೆ ಅದು ಬೇಡ. ಬೆಳಕಿನಲ್ಲಿ, ದೂಳಿನ ಮಬ್ಬಿನಲ್ಲಿ ಅವನು ಎಲ್ಲಿದ್ದಾನೆ ಅಂತಲೇ ಗೊತ್ತಾಗುವುದಿಲ್ಲ. ಕಾಣುವ ಹೊತ್ತಿಗೆ ಮೇಲೇರಿರುತ್ತಾನೆ.

ನನ್ನನ್ನು ಕೇಳಿದರೆ ಡಿಸೆಂಬರ್ 24, ಗುರುವಾರ. ಹೊಸ್ತಿಲ ಹುಣ್ಣಿಮೆ. ತಿಥಿ 24ರ ಬೆಳಗ್ಗೆ ಏಳರ ಹೊತ್ತಿಗೆ ಮುಗಿಯುತ್ತದೆ. ಪೂಜೆ, ವ್ರತ ಮಾಡುವವರು 23ಕ್ಕೇ ಮಾಡಬಹುದು. ಆದರೆ ನೋಡುವವರಿಗೆ 24ರ ಸಂಜೆ. ಸೂರ್ಯ ಆರು ಗಂಟೆಗೆ ಮುಳುಗುತ್ತಾನೆ, ಅದಾಗಿ ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ ಹೊತ್ತಿಗೆ ಚಂದ್ರ ಹುಟ್ಟುತ್ತಾನೆ. ಅಷ್ಟರಲ್ಲಿ ಬೆಳಕು ಹದವಾಗಿ ಇಳಿದಿರುತ್ತದೆ. ಚಳಿಗಾಲ, ಮೋಡ ಕಡಿಮೆ. ಮಾರನೆಯ ದಿನ ಕ್ರಿಸ್ಮಸ್ ರಜೆ. ಮೇಲಾಗಿ ಈ ವರ್ಷದ ಹುಣ್ಣಿಮೆಗಳಲ್ಲೆಲ್ಲ ಚಂದ್ರ ಭೂಮಿಗೆ ಅತಿ ಹತ್ತಿರ ಬರುವುದು ಆವತ್ತೇ, ಸುಮಾರು 3,57,000 ಕಿಲೋಮೀಟರ್. ಸರಾಸರಿ ದೂರ 3,84,400. ಬರಿಗಣ್ಣಿಗೆ ಗಾತ್ರದ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಬೆಳಕು ಮಾತ್ರ ಜಾಸ್ತಿ.

ಜಾಗದ ಬಗ್ಗೆ ರಾತ್ರಿ ಬರೆಯುತ್ತೇನೆ, ಅಂಗಡಿಗೆ ಜನ ಬಂದರು.

ಮರವಂತೆ ಹುಡುಗ

ಜಾಗ ಹಿರಿಯೂರು ಆಸುಪಾಸು ಅಂದಿದ್ದೀರಿ, ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಇನ್ಯಾರಿಗಾದರೂ ಉಪಯೋಗ ಆಗಬಹುದು. ನಮ್ಮ ಕರಾವಳಿಯಲ್ಲಿ ಕಡಲು ಇರುವುದು ಪಶ್ಚಿಮಕ್ಕೆ. ಹಾಗಾಗಿ ನೀರಿನ ಮೇಲೆ ಚಂದ್ರ ಹುಟ್ಟುವುದು ನೋಡಬೇಕು ಅಂತ ಬೀಚಿಗೆ ಬಂದವರು ಬೆನ್ನ ಹಿಂದೆ ನೋಡಬೇಕಾಗುತ್ತದೆ. ಅಲ್ಲಿ ತೆಂಗಿನ ತೋಟ, ಅದರಾಚೆ ಘಟ್ಟ.

ಮರವಂತೆಯಲ್ಲಿ ಮಾತ್ರ ಬೇರೆ ಥರ. ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಸೂರ್ಯ ಕಡಲಿಗಿಳಿದ ಮೇಲೆ ತಿರುಗಿ ನಿಂತರೆ ಹೊಳೆಯಾಚೆ ಘಟ್ಟದ ಸಾಲು ಕಾಣುತ್ತದೆ. ಘಟ್ಟ ಅಡ್ಡ ಇರುವುದರಿಂದ ಆ್ಯಪ್‌ನಲ್ಲಿ ತೋರಿಸಿದ ಹೊತ್ತಿಗಿಂತ ಕೆಲವು ನಿಮಿಷ ತಡವಾಗಿ ಚಂದ್ರ ಕಾಣುತ್ತಾನೆ. ಮೊದಲು ಗುಡ್ಡದ ಅಂಚು ಬೆಳ್ಳಗಾಗುತ್ತದೆ, ಆಮೇಲೆ ಹೊಳೆ. ರಸ್ತೆಯಲ್ಲಿ ಲಾರಿಗಳ ಓಡಾಟ ಬಹಳ, ಮಕ್ಕಳನ್ನು ಬಿಟ್ಟು ಫೋಟೋ ತೆಗೆಯುತ್ತಾ ನಿಲ್ಲಬೇಡಿ.

ಕಡಲಲ್ಲೇ ನೋಡಬೇಕು ಅನ್ನುವವರು ಹುಣ್ಣಿಮೆಯ ಮಾರನೆಯ ದಿನ ನಸುಕಿಗೆ ಬನ್ನಿ. ರಾತ್ರಿಯಿಡೀ ಬೆಳಗಿದ ಚಂದ್ರ ಸೂರ್ಯ ಹುಟ್ಟುವ ಹೊತ್ತಿಗೆ ನೀರಿಗೆ ಇಳಿಯುತ್ತಾನೆ. ಕೆಂಪು ಬಣ್ಣ, ಚಪ್ಪಟೆ ಆಕಾರ ಎಲ್ಲ ಹುಟ್ಟುವಾಗ ಇದ್ದಂತೆಯೇ. ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ಇಳಿತ ಎರಡೂ ಜೋರು. ನೀರಿಗೆ ಇಳಿಯಬೇಡಿ.

ಬಸವನಗುಡಿ ಲೆನ್ಸ್

ಶಿರಾ ಮೇಡಂ, ವಿಡಿಯೋ ಕಾಲ್ ವಿಚಾರಕ್ಕೆ ಬಂದೆ. ಮಸ್ಕತ್ ನಮಗಿಂತ 19 ಡಿಗ್ರಿಯಷ್ಟು ಪಶ್ಚಿಮಕ್ಕಿದೆ. ನಿಮ್ಮಲ್ಲಿ ಚಂದ್ರ ಹುಟ್ಟಿ ಹೆಚ್ಚು ಕಡಿಮೆ ಒಂದು ಗಂಟೆಗೆ ಅಲ್ಲಿ ಹುಟ್ಟುತ್ತಾನೆ. ಮೊದಲು ನೀವು ಅವರಿಗೆ ತೋರಿಸಿ. ಆಮೇಲೆ ಅವರೇ ತಮ್ಮ ಟೆರೇಸ್ ಹತ್ತಿ ನಿಮಗೆ ತೋರಿಸಲಿ.

ಆದರೆ ಮೊಬೈಲ್‌ನಲ್ಲಿ ಚಂದ್ರ ಒಂದು ಬಿಳಿ ಚುಕ್ಕೆ ಥರ ಕಾಣುತ್ತಾನೆ. ಅದಕ್ಕೆ ಮೊಬೈಲ್ ಕಾರಣ ಅಲ್ಲ. ಚಂದ್ರನ ಗಾತ್ರ ಆಕಾಶದಲ್ಲಿ ಬರೀ ಅರ್ಧ ಡಿಗ್ರಿ. ಕೈ ಪೂರ್ತಿ ಚಾಚಿ ಕಿರುಬೆರಳು ಹಿಡಿದರೆ ಪೂರಾ ಮರೆಯಾಗುತ್ತಾನೆ. ಹುಟ್ಟುವಾಗಲೂ ಅಷ್ಟೇ, ನೆತ್ತಿ ಮೇಲೆ ಬಂದಾಗಲೂ ಅಷ್ಟೇ. ನೆಲದ ಹತ್ತಿರ ಇದ್ದಾಗ ದೊಡ್ಡದಾಗಿ ಕಾಣುವುದು ನಮ್ಮ ಕಣ್ಣು, ಮನಸ್ಸಿನ ಕೆಲಸ. ಅಳೆದು ನೋಡಿದರೆ ಹುಟ್ಟುವಾಗ ಒಂದು ಚೂರು ಚಿಕ್ಕವನೇ. ನೆತ್ತಿ ಮೇಲೆ ಬಂದಾಗ ಭೂಮಿಯ ಅರ್ಧ ದಪ್ಪದಷ್ಟು, ಅಂದರೆ 6,400 ಕಿಲೋಮೀಟರ್‌ನಷ್ಟು ನಮಗೆ ಹತ್ತಿರ ಆಗಿರುತ್ತಾನೆ. ಕಿರುಬೆರಳಿನ ಪರೀಕ್ಷೆಯನ್ನು ಆರೂವರೆಗೆ ಒಮ್ಮೆ, ಊಟ ಮುಗಿಸಿ ಒಮ್ಮೆ ಎಲ್ಲರೂ ಮಾಡಿ ನೋಡಿ. ಎಷ್ಟು ಸಲ ಮಾಡಿದರೂ ನನಗೆ ಆಶ್ಚರ್ಯವೇ.

ದೊಡ್ಡ ಚಂದ್ರನ ಮುಂದೆ ಗೆಳತಿಯರ ಫೋಟೋ ಬೇಕು ಅಂದರೆ ಅವರು ನಿಮ್ಮಿಂದ ದೂರ ನಿಲ್ಲಬೇಕು. ಐದೂವರೆ ಅಡಿ ಎತ್ತರದವರು ಸುಮಾರು 180 ಮೀಟರ್ ಆಚೆ ನಿಂತರೆ ಚಂದ್ರನಷ್ಟೇ ಎತ್ತರ ಕಾಣುತ್ತಾರೆ. ಜೂಮ್ ಇರುವ ಕ್ಯಾಮೆರಾ ಬೇಕು. ಮೊಬೈಲ್ ಆದರೆ ಚಂದ್ರನ ಮೇಲೆ ಬೆರಳು ಒತ್ತಿ ಹಿಡಿದು, ಬೆಳಕನ್ನು ಕೆಳಗೆ ಎಳೆಯಿರಿ.

ಬೆಂಗಳೂರಿನವರು ಯಾರಾದರೂ ಓದುತ್ತಿದ್ದರೆ: ಲಾಲ್‌ಬಾಗ್ ಬಂಡೆ ಮೇಲೆ ಕೂತು ನಾವು ನೋಡುತ್ತೇವೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಪೂರ್ವಕ್ಕೆ ಕಟ್ಟಡಗಳು ಎದ್ದಿವೆ, ಚಂದ್ರ ಸ್ವಲ್ಪ ತಡ. ಗೇಟು ಹಾಕುವುದರೊಳಗೆ ಕಾಣುವ ಹುಣ್ಣಿಮೆ ಆರಿಸಿಕೊಳ್ಳಬೇಕು.

ಶಿರಾ ಸಿಸ್ಟರ್

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕ್ಯಾಲೆಂಡರ್ ತೆಗೆದು ಹಳೆಯ ಹುಣ್ಣಿಮೆಗಳ ತಿಥಿ ಎಲ್ಲ ನೋಡಿದೆ. ಹಿರಿಯೂರು ಅಣ್ಣ ಹೇಳಿದ್ದು ಸರಿ. ಬಿಸಿಲಲ್ಲಿ ಬಂದ ಹುಣ್ಣಿಮೆಗೆ ತಿಥಿ ರಾತ್ರಿ ತಡವಾಗಿ ಮುಗಿದಿತ್ತು.

ಡಿಸೆಂಬರ್ 24 ಅಂದ ತಕ್ಷಣ ಗ್ರೂಪ್‌ನಲ್ಲಿ ಹಾಕಿದೆ. ಐದೇ ನಿಮಿಷಕ್ಕೆ ಮಸ್ಕತ್‌ನಿಂದ ಫೋನು. ಅವಳು ಕ್ರಿಸ್ಮಸ್‌ಗೆ ಊರಿಗೆ ಬರುತ್ತಿದ್ದಾಳೆ! ವಿಡಿಯೋ ಕಾಲ್ ಬೇಕಾಗಿಲ್ಲ. ಆದರೆ 24ರ ರಾತ್ರಿ ಅವಳಿಗೆ ಚರ್ಚ್ ಇದೆ. ವರ್ಷಗಟ್ಟಲೆ ಹೊರಗಿದ್ದು ಬರುವವಳು, ಅಮ್ಮನ ಜೊತೆ ನಡುರಾತ್ರಿ ಪೂಜೆಗೆ ಹೋಗಲೇಬೇಕು. ಅದನ್ನು ಬಿಡು ಅಂತ ನಾವು ಹೇಳುವುದಿಲ್ಲ. ಹಾಗಾದರೆ 23ಕ್ಕೋ 25ಕ್ಕೋ ಇಟ್ಟುಕೊಂಡರೆ ಏನಾದರೂ ನಷ್ಟ ಇದೆಯಾ?

ಜಾಗಕ್ಕೆ ವಾಣಿವಿಲಾಸ ಸಾಗರದ ಕಡೆ ಹೋದರೆ ಹೇಗೆ? ಹೊಸಪೇಟೆಯವಳು ಚಿತ್ರದುರ್ಗದ ಕೋಟೆ ಅನ್ನುತ್ತಿದ್ದಾಳೆ.

ಹಿರಿಯೂರು ರಿವೈಂಡಿಂಗ್

ಅಕ್ಕ, 23ಕ್ಕೆ ಐದೂಕಾಲು, ಐದೂವರೆಯೊಳಗೆ ಬಿಸಿಲಲ್ಲೇ ಹುಟ್ಟಿಬಿಡುತ್ತಾನೆ. 25ಕ್ಕೆ ಏಳೂಕಾಲು ದಾಟುತ್ತದೆ, ಪೂರ್ತಿ ಕತ್ತಲು. ಕತ್ತಲಲ್ಲಿ ಹುಟ್ಟುವುದೂ ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಸುತ್ತಲಿನ ನೆಲ, ಮರ, ಜೊತೆಯವರ ಮುಖ ಕಾಣುವುದಿಲ್ಲ. 24ರ ಸಂಜೆ ಇದೆಲ್ಲ ಕಾಣುತ್ತದೆ. ಒಂದು ಲೆಕ್ಕ ಹೇಳುತ್ತೇನೆ ಕೇಳಿ. ಚಂದ್ರ ಆರೂ ಇಪ್ಪತ್ತೈದರ ಆಸುಪಾಸು. ಎಂಟಕ್ಕೆ ಊಟ ಮುಗಿಸಿ ಹೊರಟರೆ ಹಿರಿಯೂರಿನಿಂದ ದಾವಣಗೆರೆ ತನಕ ದೊಡ್ಡ ಹೆದ್ದಾರಿ, ಕಾರಿನಲ್ಲಿ ಎರಡು ಗಂಟೆ ಸಾಕು. ನಡುರಾತ್ರಿ ಪೂಜೆಗೆ ಆರಾಮಾಗಿ ತಲುಪುತ್ತಾರೆ.

ಕೋಟೆ ಬೇಡ. ಸಂಜೆ ಆರಕ್ಕೆ ಬಾಗಿಲು ಹಾಕುತ್ತಾರೆ. ಮೆಟ್ಟಿಲೂ ಜಾಸ್ತಿ, ಮಂಡಿ ನೋವಿನವರಿಗೆ ಕಷ್ಟ. ಗುಡ್ಡದ ಬುಡದಲ್ಲಿ ಕತ್ತಲಾದ ಮೇಲೆ ಕೂರುವುದೂ ಬೇಡ, ದುರ್ಗದ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ವಾಣಿವಿಲಾಸ ಸಾಗರ ನೋಡಲು ಬಹಳ ಚೆಂದ. 1933ರಲ್ಲಿ ಕೋಡಿ ಬಿದ್ದದ್ದು ಆಮೇಲೆ 2022ರಲ್ಲೇ, 89 ವರ್ಷದ ಮೇಲೆ. ಆಗ ನಮ್ಮೂರಲ್ಲಿ ಜಾತ್ರೆಯೇ ನಡೆಯಿತು. ಆದರೆ ಅದನ್ನು ಕಟ್ಟಿರುವುದೇ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ. ಮಾರಿಕಣಿವೆ ಅಂತಲೇ ಹೆಸರು. ಗುಡ್ಡ ಅಡ್ಡ ಇದ್ದರೆ ಚಂದ್ರ ತಡ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಎತ್ತರ ಅಂದರೆ ಹತ್ತು ಡಿಗ್ರಿ. ಅಷ್ಟು ಎತ್ತರದ ಗುಡ್ಡ ಇದ್ದರೆ ಮುಕ್ಕಾಲು ಗಂಟೆಯ ಹತ್ತಿರ ಕಾಯಬೇಕು. ಆ ಹೊತ್ತಿಗೆ ಕೆಂಪೆಲ್ಲ ಹೋಗಿ ಬೆಳ್ಳಗೆ ಬರುತ್ತಾನೆ. ನಿಮಗೆ ಬೇಕಾದ ಕೆಂಪು ಚಂದ್ರ ಸಿಗುವುದು ಬಯಲಿನಲ್ಲಿ ಮಾತ್ರ.

ಕೆರೆ ದಡವೂ ಒಳ್ಳೆಯದೇ. ಆದರೆ ಕೆರೆ ಅಂದ ತಕ್ಷಣ ಏರಿ ಮೇಲೆ ಹೋಗಿ ನಿಲ್ಲಬೇಡಿ. ನಮ್ಮ ಭಾಗದಲ್ಲಿ ನೀರು ಬಹುಪಾಲು ಪೂರ್ವಕ್ಕೆ, ಈಶಾನ್ಯಕ್ಕೆ ಇಳಿಯುತ್ತದೆ. ಹಾಗಾಗಿ ಏರಿ ಮೇಲೆ ನಿಂತರೆ ಪೂರ್ವಕ್ಕೆ ಕಾಣುವುದು ಅಚ್ಚುಕಟ್ಟಿನ ತೆಂಗು, ಅಡಿಕೆ. ನೀರಿನ ಮೇಲೆ ಚಂದ್ರ ಬೇಕು ಅಂದರೆ ಏರಿಯ ಎದುರು ದಡಕ್ಕೆ, ನೀರು ಬರುವ ಕಡೆಗೆ ಹೋಗಬೇಕು. ಅಲ್ಲಿ ಕೆಸರು, ಜಾಲಿ ಮುಳ್ಳು. ನಿಮ್ಮ ಗುಂಪಿಗೆ ಅದು ಸರಿಹೋಗುವುದಿಲ್ಲ.

ನಾನು ಹೇಳುವ ಜಾಗ ಬೇರೆ. ಹಿರಿಯೂರಿನಿಂದ ಚಳ್ಳಕೆರೆ ಕಡೆಗೆ ನಮ್ಮ ಅಕ್ಕನ ಊರು. ಮನೆ ಹಿಂದೆಯೇ ಕಣ. ಪೂರ್ವಕ್ಕೆ ಒಂದು ಮರವೂ ಅಡ್ಡ ಇಲ್ಲ, ಶೇಂಗಾ ಹೊಲ ಅಷ್ಟೇ, ಅದೂ ಡಿಸೆಂಬರ್‌ಗೆ ಖಾಲಿ. ಕಾರು ಕಣದ ತನಕ ಬರುತ್ತದೆ. ನೆಲ ಸಮ, ಮಂಡಿ ನೋವಿನವರಿಗೆ ಕುರ್ಚಿ ಹಾಕಬಹುದು. ಬಾತ್‌ರೂಮ್ ಇದೆ. ನನ್ನ ಹೆಂಡತಿ, ಅಕ್ಕ, ಮಕ್ಕಳು ಎಲ್ಲ ಅಲ್ಲೇ ಇರುತ್ತಾರೆ. ಸಂಕೋಚ ಬೇಡ. ಅಕ್ಕನಿಗೆ ಆಗಲೇ ಹೇಳಿದ್ದೇನೆ, ಬರಲಿ ಅಂದಳು.

ಇನ್ನು ನೋಡುವ ರೀತಿ. ಐದೂವರೆಗೆ ಬಂದುಬಿಡಿ. ಸೂರ್ಯ ಎಲ್ಲಿ ಮುಳುಗುತ್ತಾನೆ ಅಂತ ಗುರುತು ಇಟ್ಟುಕೊಂಡು, ಅದಕ್ಕೆ ಸರಿಯಾಗಿ ಬೆನ್ನು ಕೊಟ್ಟು ನಿಲ್ಲಿ. ಚಂದ್ರ ಬರುವುದು ಆ ದಿಕ್ಕಿನಲ್ಲೇ, ಒಂದು ಚೂರು ಎಡಕ್ಕೆ. ಚಳಿಗಾಲದ ಹುಣ್ಣಿಮೆ ನೇರ ಪೂರ್ವದಲ್ಲಿ ಹುಟ್ಟುವುದಿಲ್ಲ, ತುಂಬಾ ಉತ್ತರಕ್ಕೆ ಸರಿದಿರುತ್ತದೆ. ದೇವರ ಮನೆ ಪೂರ್ವ ನೋಡಿಕೊಂಡು ಕೂತರೆ ಆಗುವುದಿಲ್ಲ.

ಸೂರ್ಯ ಮುಳುಗಿ ಐದಾರು ನಿಮಿಷಕ್ಕೆ ಪೂರ್ವದ ಅಂಚಿನಲ್ಲಿ ಬೂದು ನೀಲಿ ಬಣ್ಣದ ಒಂದು ಪಟ್ಟಿ ಏಳುತ್ತದೆ. ಅದರ ಮೇಲೆ ಗುಲಾಬಿ ಬಣ್ಣ. ಬಹಳ ಜನ ಅದನ್ನು ಮೋಡ ಅಂದುಕೊಳ್ಳುತ್ತಾರೆ. ಅದು ಭೂಮಿಯ ನೆರಳು. ನಾವು ನಿಂತಿರುವ ಈ ನೆಲದ ನೆರಳೇ ಗಾಳಿಯ ಮೇಲೆ ಬಿದ್ದು ನಿಧಾನವಾಗಿ ಮೇಲೆ ಬರುತ್ತಿರುತ್ತದೆ. ಈ ನೆರಳೇ ಎಷ್ಟೋ ಲಕ್ಷ ಕಿಲೋಮೀಟರ್ ಉದ್ದಕ್ಕೆ ಚಾಚಿರುತ್ತದೆ, ಚಂದ್ರ ಅದರೊಳಗೆ ಸಿಕ್ಕಿದರೆ ಗ್ರಹಣ. 2025ರ ಸೆಪ್ಟೆಂಬರ್ 7ರ ರಾತ್ರಿ ಅವನು ಪೂರ್ತಿ ಕೆಂಪಾಗಿದ್ದನ್ನು ನೋಡಿದ್ದರೆ ನೆನಪಿರುತ್ತದೆ. ಡಿಸೆಂಬರ್ 24ಕ್ಕೆ ಗ್ರಹಣ ಇಲ್ಲ. ಆದರೆ ಚಂದ್ರ ಆ ಬೂದು ಪಟ್ಟಿಯ ಒಳಗಿನಿಂದಲೇ ಬರುತ್ತಾನೆ.

ಬರುವಾಗ ಬೆಳಕು ಚೆಲ್ಲಿಕೊಂಡು ಬರುವುದಿಲ್ಲ. ಮೊದಲು ಕಾಣುವುದು ಮುರಿದ ಹಂಚಿನ ಚೂರಿನ ಹಾಗೆ, ಮಂಕು ಕೆಂಪು, ಹೊಳಪೇ ಇಲ್ಲ. ಇದಾ ಅದು ಅಂತ ಅನುಮಾನ ಬರುತ್ತದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅಗಲ ಆಗಿರುತ್ತದೆ. ಅಂಚು ನಡುಗುತ್ತಿರುತ್ತದೆ, ಬಿಸಿ ಗಾಳಿಯಲ್ಲಿ ನಡುಗುವ ಥರ. ಕೆಳಭಾಗ ಚಪ್ಪಟೆ. ನೆಲದ ಹತ್ತಿರ ಗಾಳಿ ಬೆಳಕನ್ನು ಬಗ್ಗಿಸುತ್ತದೆ, ಅದೂ ಅರ್ಧ ಡಿಗ್ರಿಗಿಂತ ಜಾಸ್ತಿ. ಅಂದರೆ ಪೂರ್ತಿ ಚಂದ್ರ ಈಗಷ್ಟೇ ಮೇಲೆ ಬಂದ ಅಂತ ನಾವು ಅನ್ನುವಾಗ ಲೆಕ್ಕದ ಪ್ರಕಾರ ಅವನು ಇನ್ನೂ ನೆಲದ ಕೆಳಗೇ ಇರುತ್ತಾನೆ. ತುದಿ ಕಂಡಲ್ಲಿಂದ ಪೂರಾ ಬಿಲ್ಲೆ ನೆಲ ಬಿಡುವ ತನಕ ಎರಡು ನಿಮಿಷ, ಸ್ವಲ್ಪ ಹೆಚ್ಚು. ಅಷ್ಟೇ ಹೊತ್ತು ಅಕ್ಕ. ಆ ಎರಡು ನಿಮಿಷ ಮೊಬೈಲ್ ಜೇಬಿನಲ್ಲಿರಲಿ. ಫೋಟೋಗೆ ಆಮೇಲೆ ಬೇಕಾದಷ್ಟು ಹೊತ್ತಿದೆ.

ನಮ್ಮಲ್ಲಿ ಒಂದು ರೂಢಿ ಇದೆ. ಯಾರ ಕಣ್ಣಿಗೆ ಮೊದಲು ಬೀಳುತ್ತಾನೋ ಅವರು ಬಾಯಲ್ಲಿ ಹೇಳಬಾರದು, ಸುಮ್ನೆ ಕೈ ಎತ್ತಬೇಕು. ಅವರಿಗೆ ಬುತ್ತಿಯಲ್ಲಿ ಮೊದಲ ಪಾಲು. ಎಲ್ಲರೂ ಬಾಯಿ ಮುಚ್ಚಿಕೊಂಡು ಒಂದೇ ಕಡೆ ನೋಡುತ್ತಾ ಕೂತಿರುವ ಆ ಹತ್ತು ನಿಮಿಷ ನನಗೆ ಬಹಳ ಇಷ್ಟ. ನಮ್ಮ ಗುಂಪಿನಲ್ಲಿ ಲಾರಿ ಡ್ರೈವರ್ ಒಬ್ಬ ಇದ್ದಾನೆ, ಇಡೀ ದಿನ ಮಾತಾಡುವವನು. ಆ ಹೊತ್ತಿಗೆ ಅವನೂ ಸುಮ್ಮನಾಗುತ್ತಾನೆ.

ಟಾರ್ಚ್ ತನ್ನಿ, ಆದರೆ ನಡೆಯುವಾಗ ಮಾತ್ರ ಹಾಕಿ. ಹೊಲದ ಬದಿ ಹಾವು ಇರುತ್ತವೆ. ಶಾಲು ಮರೆಯಬೇಡಿ. ಹಗಲು ಎಷ್ಟೇ ಬಿಸಿಲಿರಲಿ, ನಮ್ಮ ಬಯಲಿನಲ್ಲಿ ಡಿಸೆಂಬರ್ ಸಂಜೆ ಏಳಕ್ಕೆಲ್ಲ ಚಳಿ ಹತ್ತುತ್ತದೆ.

ಗದಗ ಕಡೆಯಾಕಿ

ಊಟದ್ದು ಯಾರೂ ಸರಿಯಾಗಿ ಬರೆದಿಲ್ಲ, ನಾನು ಹೇಳುತ್ತೇನೆ. ನಮ್ಮ ಕಡೆ ಸೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಅಂದರೆ ಬೆಳೆಗೆ ನೈವೇದ್ಯ ಎರಚಿ, ಊಟ ಮಾಡುತ್ತೇವೆ. ಬೆಳದಿಂಗಳ ಊಟಕ್ಕೂ ಅದೇ ಬುತ್ತಿ ಚಲೋ. ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಶೇಂಗಾ ಹೋಳಿಗೆ. ಡಿಸೆಂಬರ್ ಅಂದರೆ ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಿ ಮಾಡಿ. ನಾಲ್ಕು ದಿನ ಇಟ್ಟರೂ ಕೆಡುವುದಿಲ್ಲ, ಮುರಿದು ತಿನ್ನಬಹುದು. ಸಾರು, ಸಾಂಬಾರ್ ಒಯ್ಯಬೇಡಿ. ಬೆಳದಿಂಗಳಲ್ಲಿ ತಟ್ಟೆ ಕಾಣುತ್ತದೆ, ಆದರೆ ಪಾತ್ರೆಯೊಳಗೆ ಏನಿದೆ ಅಂತ ಕಾಣುವುದಿಲ್ಲ. ಸೀರೆ ಮೇಲೆ ಚೆಲ್ಲಿಕೊಳ್ಳುತ್ತೀರಿ.

ಬುತ್ತಿ ಬಿಚ್ಚುವುದು ಚಂದ್ರ ಪೂರಾ ಮೇಲೆ ಬಂದ ಮೇಲೆ. ಮೊದಲೇ ಡಬ್ಬಿ ತೆಗೆದರೆ ಎಲ್ಲರ ಕಣ್ಣೂ ಡಬ್ಬಿ ಕಡೆಗೇ. ಬೆಳದಿಂಗಳು ತಟ್ಟೆಯ ಮೇಲೆ ಬೀಳುವಷ್ಟು ಆಗಲು ಒಂದು ತಾಸು ಬೇಕು. ಅಷ್ಟು ಹೊತ್ತು ಮಾತಾಡಿರಿ. ಅದಕ್ಕೇ ಅಲ್ಲವೇ ಸೇರುತ್ತಿರುವುದು?

ಹೊಸಪೇಟೆಯ ತಂಗಿಗೆ ಕೋಟೆ ಬೇಕು ಅಂದಿದ್ದರಲ್ಲ, ಇನ್ನೊಂದು ಹುಣ್ಣಿಮೆಗೆ ಬಾದಾಮಿಗೆ ಬನ್ನಿ. ಅಗಸ್ತ್ಯ ತೀರ್ಥದ ಊರ ಕಡೆಯ ಮೆಟ್ಟಿಲ ಮೇಲೆ ಕೂತರೆ ಎದುರು ದಡದಲ್ಲಿ ಭೂತನಾಥ ಗುಡಿ, ಅದರ ಹಿಂದೆ ಕೆಂಪು ಬಂಡೆ. ಬಂಡೆ ಅಡ್ಡ ಇರುವುದರಿಂದ ಚಂದ್ರ ತಡ, ಕೆಂಪು ಇರುವುದಿಲ್ಲ, ಹಿರಿಯೂರು ಅಣ್ಣಾರು ಹೇಳಿದ್ದು ಖರೆ. ಆದರೆ ಬೆಳ್ಳಗಿನ ಚಂದ್ರ ಗುಡಿ ಮೇಲಿನಿಂದ ನೀರಿಗೆ ಬೀಳುವುದೂ ನೋಡುವಂಥದ್ದೇ. ಅಲ್ಲಿ ಮಂಗಗಳ ಕಾಟ ಜಾಸ್ತಿ, ಬುತ್ತಿ ಹುಷಾರು.

ಶಿರಾ ಸಿಸ್ಟರ್

ಡಿಸೆಂಬರ್ 24, ಗುರುವಾರ. ಗಟ್ಟಿ ಆಯಿತು. ನಾಲ್ಕೂ ಜನ ಬರುತ್ತೇವೆ.

ಎಂಟಕ್ಕೆ ಹೊರಡುವ ಲೆಕ್ಕ ಹೇಳಿದ ತಕ್ಷಣ ಮಸ್ಕತ್‌ನವಳು ಅವಳ ಅಮ್ಮನನ್ನೇ ಕೇಳಿದಳು. ಅವರು ತಾವೂ ಬರುತ್ತೇನೆ ಅಂದರಂತೆ! ದಾವಣಗೆರೆಯಿಂದ ಅವರದೇ ಕಾರು, ನೋಡಿಕೊಂಡು ಇಬ್ಬರೂ ಹಾಗೇ ಚರ್ಚಿಗೆ ಹೋಗುತ್ತಾರೆ. ಹಾಗಾಗಿ ನಾವು ಐದು ಜನ ಆಗುತ್ತೇವೆ, ಪರವಾಗಿಲ್ಲವಾ ಅಣ್ಣ? ನಾನು 23ರ ನೈಟ್ ಡ್ಯೂಟಿ ಮಾಡಿ 24, 25 ರಜೆಗೆ ಬರೆದುಕೊಡುತ್ತೇನೆ. ಕ್ರಿಸ್ಮಸ್‌ಗೆ ರಜೆ ಕೇಳುವ ಬೇರೆಯವರಿಗೆ ತೊಂದರೆ ಆಗದ ಹಾಗೆ ಹೊಸ ವರ್ಷದ ನೈಟ್ ನಾನೇ ಮಾಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ.

ಗದಗದ ಅಕ್ಕ ಹೇಳಿದ ರೊಟ್ಟಿ ಹೊಸಪೇಟೆಯವಳ ಪಾಲಿಗೆ ಹಾಕಿದ್ದೇವೆ. ಹಾಸನದವಳು ಫ್ಲಾಸ್ಕ್‌ನಲ್ಲಿ ಕಾಫಿ. ಅಷ್ಟು ಹೊತ್ತಿಗೆ ನಮ್ಮ ಕಡೆ ಸೊಗಡವರೆ ಬಂದಿರುತ್ತದೆ, ಹಿತಕಿದ ಬೇಳೆ ಗಟ್ಟಿಯಾಗಿ ಪಲ್ಯ ಮಾಡಿ ನಾನು ತರುತ್ತೇನೆ. ಕೈ ಎತ್ತುವ ಆಟ ಎಲ್ಲರಿಗೂ ಇಷ್ಟ ಆಯಿತು.

ಹಿರಿಯೂರು ಅಣ್ಣ, ನಿಮ್ಮ ಅಕ್ಕನವರಿಗೆ ನನ್ನ ನಮಸ್ಕಾರ ಹೇಳಿ. ಅವರ ಮನೆಯಲ್ಲಿ ವಯಸ್ಸಾದವರು ಇದ್ದರೆ ಹೇಳಿ, ಬಿಪಿ, ಶುಗರ್ ನೋಡುವ ಮೆಷಿನ್ ಹೇಗೂ ನಮ್ಮ ಬ್ಯಾಗಿನಲ್ಲಿರುತ್ತದೆ. ಊರಿನ ಹೆಸರು, ಹೆದ್ದಾರಿಯಿಂದ ಎಲ್ಲಿ ತಿರುಗಬೇಕು ಅನ್ನುವುದನ್ನು ನನಗೆ ಮೆಸೇಜ್ ಮಾಡಿ. ನವೆಂಬರ್‌ನಲ್ಲಿ ಒಂದು ಸಲ ಬಂದು ಜಾಗ ನೋಡಿಕೊಂಡು ಹೋಗುತ್ತೇನೆ.